ಉದ್ಯಾನದ ಹಳೆಯ ಕಬ್ಬಿಣ ಕೆಲಸದ ಜೀರ್ಣೋದ್ಧಾರ: ಗುತ್ತಿಗೆ ಸಂಸ್ಥೆಯೊಂದರ ಸೇವೆಯ ವಿಮರ್ಶೆ

ನೂರು ವರ್ಷ ದಾಟಿದ ಸಾರ್ವಜನಿಕ ಉದ್ಯಾನವೊಂದರ ಕಟಾಂಜನ, ಹೆಬ್ಬಾಗಿಲು ಹಾಗೂ ಬ್ಯಾಂಡ್ ಸ್ಟ್ಯಾಂಡ್‌ನ (ವಾದ್ಯಮೇಳ ನುಡಿಸುವ ಮಂಟಪದ) ಕಬ್ಬಿಣದ ಕೆಲಸವನ್ನು ಜೀರ್ಣೋದ್ಧಾರ ಮಾಡಿಕೊಟ್ಟ ಸಂಸ್ಥೆಯ ಸೇವೆ ಹೇಗಿತ್ತು ಎಂಬುದನ್ನು, ಉದ್ಯಾನ ಸಮಿತಿಯ ಪರವಾಗಿ ಆ ಕೆಲಸದ ಮೇಲುಸ್ತುವಾರಿ ನೋಡಿಕೊಂಡವನಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಗಂಭೀರವಾದ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಆದರೆ ಇಂಥ ಕೆಲಸವನ್ನು ಯಾರಿಗಾದರೂ ವಹಿಸಬೇಕಾದವರಿಗೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಇದರಿಂದ ತಿಳಿದೀತು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಲೋಹದ ಕೆಲಸದಲ್ಲಿ ಈ ಸಂಸ್ಥೆಯ ತಪ್ಪು ಹುಡುಕುವಂತಿಲ್ಲ, ಬಣ್ಣದ ಕೆಲಸದಲ್ಲಿ ಅದು ಸಾಧಾರಣ, ದಾಖಲೆ ಒಪ್ಪಿಸುವುದರಲ್ಲಿ ತೀರಾ ಕಳಪೆ.

ಟೆಂಡರಿಗೆ ಬಂದವರಲ್ಲಿ ಈ ಸಂಸ್ಥೆಯನ್ನೇ ಆರಿಸಲು ಕಾರಣವಾದದ್ದು ಅವರ ಪ್ರಾಥಮಿಕ ಪರಿಶೀಲನೆ. ಉಳಿದವರು ಕಟಾಂಜನದ ಉದ್ದ ಅಳೆದು, ಒಟ್ಟು ತೂಕ ಅಂದಾಜು ಮಾಡಿ, ಎಲ್ಲವನ್ನೂ ಸ್ಯಾಂಡ್ ಬ್ಲಾಸ್ಟಿಂಗ್ (ಮರಳನ್ನು ರಭಸದಿಂದ ಚಿಮ್ಮಿಸಿ ಉಜ್ಜುವುದು) ಮಾಡಿ, ಕೆಟ್ಟದ್ದನ್ನು ಮೈಲ್ಡ್ ಸ್ಟೀಲಿನಲ್ಲಿ, ಅಂದರೆ ಈಗಿನ ಸಾಮಾನ್ಯ ಉಕ್ಕಿನಲ್ಲಿ, ಹೊಸದಾಗಿ ಮಾಡಿಕೊಡುವುದಾಗಿ ಬರೆದಿದ್ದರು. ಈ ಸಂಸ್ಥೆಯ ಹಿರಿಯ ಕೆಲಸಗಾರರು ಮಾತ್ರ ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಒಂದೊಂದು ಸರಳನ್ನೂ ತಟ್ಟಿ ನೋಡಿದರು. ಗಟ್ಟಿಯಾಗಿರುವ ಕಬ್ಬಿಣ ಕಣಕಣನೆ ನಾದ ಕೊಡುತ್ತದೆ. ಬಿರುಕು ಬಿಟ್ಟದ್ದು ಅಥವಾ ಒಳಗೇ ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದ ಅವರು, ಯಾವುದು ಬೀಡು ಕಬ್ಬಿಣ, ಯಾವುದು ಮೆದು ಕಬ್ಬಿಣ, ಯಾವುದು ಆಮೇಲೆಂದೋ ದುರಸ್ತಿಯ ಹೆಸರಿನಲ್ಲಿ ಸೇರಿಸಿದ ಉಕ್ಕು ಎಂದು ಬೇರೆಬೇರೆಯಾಗಿ ನಕ್ಷೆಯಲ್ಲಿ ತುಂಬಿಕೊಟ್ಟರು.

ಈ ವಿಂಗಡಣೆಯೇ ಇಡೀ ಕೆಲಸದ ತಳಹದಿ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಬೀಡು ಕಬ್ಬಿಣದಲ್ಲಿ ಸಾಮಾನ್ಯವಾಗಿ ಶೇ 2ರಿಂದ 4ರಷ್ಟು ಇಂಗಾಲವಿರುತ್ತದೆ; ಅದನ್ನು ಕರಗಿಸಿ ಅಚ್ಚಿಗೆ ಸುರಿಯಬಹುದು, ಭಾರವನ್ನು ಹೊರುವುದರಲ್ಲಿ ಅದು ಬಲು ಗಟ್ಟಿ, ಆದರೆ ಎಳೆತಕ್ಕೂ ಪೆಟ್ಟಿಗೂ ಫಕ್ಕನೆ ಮುರಿಯುತ್ತದೆ. ಮೆದು ಕಬ್ಬಿಣದಲ್ಲಿ ಇಂಗಾಲ ಅತ್ಯಲ್ಪ. ಅದರ ಉದ್ದಕ್ಕೂ ಕಿಟ್ಟದ ಸಣ್ಣ ಎಳೆಗಳು ಹರಡಿರುವುದರಿಂದ, ಗಾಯ ಮಾಡಿ ಬಗ್ಗಿಸಿದರೆ ಹಸಿ ಬಿದಿರಿನಂತೆ ನಾರುನಾರಾಗಿ ಸೀಳುತ್ತದೆಯೇ ಹೊರತು ತಟ್ಟನೆ ತುಂಡಾಗುವುದಿಲ್ಲ. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ ಇದ್ದಲಿನ ಬದಲು ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಇಂಧನ) ಉರಿಸಿ ಕಬ್ಬಿಣ ತೆಗೆದ ಮೇಲೆ ಬೀಡು ಕಬ್ಬಿಣ ಅಗ್ಗವಾಗುತ್ತ ಬಂತು. 1784ರಲ್ಲಿ ಹೆನ್ರಿ ಕೋರ್ಟ್ ಪೇಟೆಂಟ್ ಪಡೆದ ವಿಧಾನದಿಂದ ಮೆದು ಕಬ್ಬಿಣವನ್ನೂ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಸಾಧ್ಯವಾಯಿತು. ಅಲ್ಲಿಂದ ಮುಂದೆ ಉದ್ಯಾನ, ಸೇತುವೆ, ರೈಲು ನಿಲ್ದಾಣಗಳಲ್ಲಿ ಎರಡೂ ಒಟ್ಟೊಟ್ಟಿಗೆ ಬಂದವು. ನಮ್ಮ ಕಟಾಂಜನದಲ್ಲೂ ಹಾಗೆಯೇ: ಕಂಬ ಮತ್ತು ಈಟಿಮೊನೆಗಳು ಬೀಡು, ಅಡ್ಡಪಟ್ಟಿಗಳು ಮತ್ತು ನೇರ ಸರಳುಗಳು ಮೆದು. ಒಂದಕ್ಕೆ ಹೇಳಿದ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕೆಲಸ ಕೆಟ್ಟಂತೆಯೇ.

ಬಿಚ್ಚುವ ಹಂತದಲ್ಲಿ ಅವರು ತೋರಿದ ತಾಳ್ಮೆಯನ್ನು ಮೆಚ್ಚಲೇಬೇಕು. ಹಳೆಯ ಕಟಾಂಜನದ ಕಂಬಗಳನ್ನು ಕಲ್ಲಿನ ಗುಳಿಯಲ್ಲಿ ನಿಲ್ಲಿಸಿ, ಸುತ್ತಲೂ ಕರಗಿದ ಸೀಸ ಹೊಯ್ದು ಭದ್ರಪಡಿಸಿರುತ್ತಾರೆ. ಕಾಲಕ್ರಮೇಣ ಸೀಸಕ್ಕೂ ಕಬ್ಬಿಣಕ್ಕೂ ನಡುವೆ ನೀರಿಳಿದು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಲ್ಲನ್ನೇ ಒಳಗಿನಿಂದ ಸೀಳಿಬಿಡುತ್ತದೆ. ನಮ್ಮಲ್ಲಿ ಬಾಗಿಲ ಪಕ್ಕದ ಕಲ್ಲುಗಳು ಒಡೆದದ್ದು ವಾಹನ ತಾಗಿ ಎಂದೇ ಸಮಿತಿಯವರೆಲ್ಲ ನಂಬಿದ್ದರು. ಕಾರಣ ಅದಲ್ಲವೆಂದು ಸಂಸ್ಥೆಯವರು ಒಂದು ಗುಳಿಯನ್ನು ಬಿಡಿಸಿ, ಪದರಪದರವಾಗಿ ಉಬ್ಬಿದ ತುಕ್ಕನ್ನು ತೋರಿಸಿದ ಮೇಲೆಯೇ ಒಪ್ಪಿದರು. ಕಂಬವನ್ನು ಎಳೆದು ಕೀಳದೆ, ಸೀಸದ ಸುತ್ತ ಸಣ್ಣ ತೂತುಗಳನ್ನು ಸಾಲಾಗಿ ಕೊರೆದು ಸಡಿಲಿಸಿದ್ದರಿಂದ ಕಲ್ಲಿಗೆ ಹೊಸ ಪೆಟ್ಟು ಬೀಳಲಿಲ್ಲ. ತೆಗೆದ ಪ್ರತಿ ಭಾಗಕ್ಕೂ ಅಂಕಿ ಕೊರೆದ ತಾಮ್ರದ ಬಿಲ್ಲೆಯನ್ನು ತಂತಿಯಿಂದ ಕಟ್ಟಿದರು. ಕಾಗದದ ಚೀಟಿಯೋ ಬಣ್ಣದ ಗುರುತೋ ಆಗಿದ್ದರೆ ತೊಳೆಯುವಾಗಲೇ ಅಳಿಸಿಹೋಗುತ್ತಿತ್ತು. ಮರುಜೋಡಣೆಯಲ್ಲಿ ಒಂದು ಸರಳೂ ಅದಲುಬದಲಾಗದಿದ್ದುದಕ್ಕೆ ಈ ಬಿಲ್ಲೆಗಳೇ ಕಾರಣ.

ಕೆಲಸದ ನಿಜವಾದ ಪರೀಕ್ಷೆ ನಡೆದದ್ದು ಬ್ಯಾಂಡ್ ಸ್ಟ್ಯಾಂಡ್‌ನಲ್ಲಿ. ಅದರ ಚಾವಣಿಯನ್ನು ಹೊತ್ತ ಬೀಡು ಕಬ್ಬಿಣದ ಕಂಬಗಳು ಟೊಳ್ಳು. ಮಳೆನೀರಿನ ಕೊಳವೆ ಹೊರಗೆ ಕಾಣಬಾರದೆಂದು ಚಾವಣಿಯ ನೀರನ್ನು ಕಂಬಗಳ ಒಳಗಿನಿಂದಲೇ ಇಳಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಕವಾಗಿತ್ತು. ನೋಟಕ್ಕೆ ಅದು ಬಹಳ ಜಾಣತನದ ಉಪಾಯ. ಆದರೆ ಎಲೆ, ಕೆಸರು ಸೇರಿ ಬುಡದಲ್ಲಿ ಕಟ್ಟಿಕೊಂಡರೆ ನೀರು ಕಂಬದೊಳಗೇ ನಿಲ್ಲುತ್ತದೆ, ಮತ್ತು ಹೊರಗೆ ಎಷ್ಟೇ ಬಣ್ಣ ಬಳಿದರೂ ಕಂಬ ಒಳಗಿನಿಂದ ಸವೆಯುತ್ತಲೇ ಹೋಗುತ್ತದೆ. ಸಂಸ್ಥೆಯವರು ಚಾವಣಿಯ ಕಡೆಯಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಎರಡು ಕಂಬಗಳ ಬುಡ ಪೂರ್ತಿ ಕಟ್ಟಿಕೊಂಡಿತ್ತು. ಬುಡದ ಹತ್ತಿರ ಮಣ್ಣಿಗೆ ತಾಗಿದ್ದ ಒಂದು ಕಡೆ, ಆಕಾರ ಒಂದಿಷ್ಟೂ ಕೆಡದೆ ಇದ್ದ ಕಬ್ಬಿಣವನ್ನು ಚಾಕುವಿನ ತುದಿಯಿಂದ ಕೆರೆದರೆ ಪೆನ್ಸಿಲ್ ಸೀಸದಂಥ ಕಪ್ಪು ಪುಡಿ ಉದುರಿತು. ತೇವದ ಮಣ್ಣಿನಲ್ಲಿ ಬೀಡು ಕಬ್ಬಿಣದಿಂದ ಕಬ್ಬಿಣದ ಅಂಶವೆಲ್ಲ ಕರಗಿಹೋಗಿ ಗ್ರಾಫೈಟ್ ಮಾತ್ರ ಉಳಿಯುವ ಸ್ಥಿತಿ ಇದು. ಹೊರನೋಟಕ್ಕೆ ಕಂಬ ಗಟ್ಟಿ, ಬಲ ಮಾತ್ರ ಶೂನ್ಯ. ಬರೀ ಬಣ್ಣ ಬಳಿದು ಹೋಗುವ ಗುತ್ತಿಗೆದಾರನಿಗೆ ಕೆಲಸ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಅವರು ಸೂಚಿಸಿದ ಪರಿಹಾರವೂ ವಿವೇಕದಿಂದ ಕೂಡಿತ್ತು. ಇಡೀ ಕಂಬಗಳನ್ನು ಬದಲಿಸಿದ್ದರೆ ಬಿಲ್ಲು ದೊಡ್ಡದಾಗುತ್ತಿತ್ತು, ಅವರಿಗೂ ಲಾಭವಿತ್ತು. ಹಾಗೆ ಮಾಡದೆ, ಚಾವಣಿಗೆ ತಾತ್ಕಾಲಿಕ ಆಧಾರ ಕೊಟ್ಟು, ಕೆಟ್ಟ ಬುಡವನ್ನಷ್ಟೇ ಹೊಸದಾಗಿ ಎರಕ ಹೊಯ್ದು ಜೋಡಿಸಿ, ಪ್ರತಿ ಕಂಬದೊಳಗೂ ಪ್ರತ್ಯೇಕ ಪ್ಲಾಸ್ಟಿಕ್ ಕೊಳವೆ ಇಳಿಸಿ, ಅದು ಕಟ್ಟಿಕೊಂಡರೆ ನೀರು ಹೊರಗೆ ಕಾಣುವಂತೆ ಚಾವಣಿಯ ಅಂಚಿನಲ್ಲಿ ಒಂದು ತೂಬು ಬಿಟ್ಟರು. ಆ ತೂಬು ಮೂಲ ವಿನ್ಯಾಸದಲ್ಲಿ ಇರಲಿಲ್ಲವೆಂದು ಸಮಿತಿಯಲ್ಲಿ ಆಕ್ಷೇಪ ಬಂತು. ನನ್ನ ಅಭಿಪ್ರಾಯದಲ್ಲಿ ಅದು ಅಗತ್ಯವಾಗಿತ್ತು. ಸಂರಕ್ಷಣೆಯ ಹೆಸರಿನಲ್ಲಿ ಮೂಲದ ತಪ್ಪನ್ನೂ ಸಂರಕ್ಷಿಸಬೇಕೆನ್ನುವುದು ಹಟವಷ್ಟೆ. ಸ್ಮಾರಕಗಳ ಸಂರಕ್ಷಣೆಗೆ ಸಂಬಂಧಿಸಿದ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದು ಸಹ, ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದ್ದೆಂಬ ಭ್ರಮೆ ಹುಟ್ಟಿಸಬಾರದು ಎಂದೇ ಹೇಳುತ್ತದೆ. ಹೊಸ ಎರಕದ ಭಾಗಗಳ ಒಳಮೈಯಲ್ಲಿ ಸಂಸ್ಥೆಯವರು ಇಸವಿಯನ್ನು ಅಚ್ಚು ಹಾಕಿರುವುದು ಈ ತತ್ತ್ವಕ್ಕೆ ತಕ್ಕಂತೆಯೇ ಇದೆ.

ಬಿರುಕುಗಳ ವಿಷಯದಲ್ಲಿ ಅವರ ಕುಶಲತೆ ಇನ್ನೂ ಚೆನ್ನಾಗಿ ಕಂಡಿತು. ಬೀಡು ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುವುದು ಸುಲಭವಲ್ಲ. ಇಡೀ ಭಾಗವನ್ನು ಮೊದಲೇ ಚೆನ್ನಾಗಿ ಕಾಯಿಸಿ, ಆಮೇಲೆ ಬಹಳ ನಿಧಾನವಾಗಿ ಆರಿಸದಿದ್ದರೆ ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಬಿಡುತ್ತದೆ. ಹೆಬ್ಬಾಗಿಲ ಕಂಬವೊಂದರಲ್ಲಿ ಹಿಂದೆ ಯಾರೋ ಹಾಗೆ ಮಾಡಿದ್ದ ಬೆಸುಗೆಯ ಎರಡೂ ಬದಿಗೆ ಬಿರುಕು ಬೆಳೆದಿತ್ತು. ಸಂಸ್ಥೆಯವರು ಬಿಸಿಯೇ ತಾಗಿಸದೆ ಹೊಲಿಯುವ ವಿಧಾನವನ್ನು ಆರಿಸಿದರು. ಬಿರುಕಿಗೆ ಅಡ್ಡಲಾಗಿ ಒತ್ತೊತ್ತಾಗಿ ತೂತು ಕೊರೆದು, ಅದಕ್ಕೆ ಸರಿಯಾಗಿ ಕೂರುವ ಲೋಹದ ಬೀಗಗಳನ್ನು ಬಡಿದು ಕೂರಿಸಿ, ಬಿರುಕಿನ ಉದ್ದಕ್ಕೂ ಒಂದನ್ನೊಂದು ಕಚ್ಚಿಕೊಳ್ಳುವಂತೆ ತಿರುಪುಗಳನ್ನು ತುಂಬಿ, ಕೊನೆಗೆ ಮೇಲ್ಮೈಯನ್ನು ಉಜ್ಜಿ ಸಮ ಮಾಡುವುದು ಇದರ ಕ್ರಮ. ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸತ್ ಭವನದ ಬೀಡು ಕಬ್ಬಿಣದ ಗುಮ್ಮಟವನ್ನು ಈಚೆಗೆ ದುರಸ್ತಿ ಮಾಡಿದಾಗ ಅದರಲ್ಲಿ 1,300ಕ್ಕೂ ಹೆಚ್ಚು ಬಿರುಕುಗಳು ಕಂಡುಬಂದಿದ್ದು, 2016ರಲ್ಲಿ ಮುಗಿದ ಆ ಕೆಲಸದಲ್ಲೂ ಇದೇ ಬಗೆಯ ಹೊಲಿಗೆಯನ್ನು ಬಳಸಿದ್ದರು. ನಮ್ಮ ಕಂಬದ ಮೇಲೆ ಬಣ್ಣ ಬಳಿಯುವ ಮೊದಲು ಬೆರಳಾಡಿಸಿ ನೋಡಿದೆ. ತಿರುಪುಗಳ ದುಂಡನೆಯ ತಲೆಗಳು ಕಣ್ಣಿಗೆ ಸರಪಳಿಯಂತೆ ಸಾಲಾಗಿ ಕಾಣುತ್ತಿದ್ದವು, ಬೆರಳಿಗೆ ಏನೂ ಸಿಗಲಿಲ್ಲ.

ಹೊಸ ಈಟಿಮೊನೆಗಳನ್ನು ಎರಕ ಹೊಯ್ಸುವಾಗ ಒಂದು ಎಡವಟ್ಟಾಯಿತು. ಬೀಡು ಕಬ್ಬಿಣ ಆರುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಆದ್ದರಿಂದ ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಹುಟ್ಟುವ ನಕಲು ಮೂಲಕ್ಕಿಂತ ಚಿಕ್ಕದಾಗಿರುತ್ತದೆ. ಒಂದು ಮೀಟರ್ ಉದ್ದದ ಫಲಕದಲ್ಲಿ ಒಂದು ಸೆಂಟಿಮೀಟರ್ ಕಡಿಮೆಯಾದರೆ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಇದಕ್ಕಾಗಿಯೇ ಅನುಭವಿಗಳು ಕುಗ್ಗುವಿಕೆಯನ್ನು ಲೆಕ್ಕಹಾಕಿ ಕೊಂಚ ದೊಡ್ಡದಾದ ಮರದ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮಾಡಿಸುತ್ತಾರೆ. ಕಂಬದ ಬುಡಗಳಿಗೆ ಸಂಸ್ಥೆ ಹಾಗೆಯೇ ಮಾಡಿಸಿತ್ತು. ಈಟಿಮೊನೆಗಳನ್ನು ಮಾತ್ರ ಹೊರಗಿನ ಫೌಂಡ್ರಿಯೊಂದಕ್ಕೆ ವಹಿಸಿದ್ದರಿಂದ, ಅವರು ಹಳೆಯ ಮೊನೆಯನ್ನೇ ಅಚ್ಚಿಗೆ ಬಳಸಿ ಒಂದು ಕಂತನ್ನು ಕಳಿಸಿಬಿಟ್ಟರು. ಎಲೆಯಾಕಾರದ ನರಗಳೆಲ್ಲ ಮೊಂಡಾಗಿ, ಹಿಡಿಕೆ ಸಡಿಲವಾಗಿ ಬಂದಿದ್ದವು. ನಾವು ಗಮನಿಸುವ ಮೊದಲೇ ಸಂಸ್ಥೆಯ ಮೇಸ್ತ್ರಿ ಅವನ್ನು ತಿರಸ್ಕರಿಸಿ ಹಿಂದಕ್ಕೆ ಕಳಿಸಿದರೆಂಬುದು ಅವರ ಪಾಲಿಗೆ ಒಳ್ಳೆಯ ಅಂಕ. ಹಾಗಿದ್ದರೂ ಮೊದಲೇ ಮಾದರಿ ತುಂಡೊಂದನ್ನು ತರಿಸಿ ಒಪ್ಪಿಗೆ ಪಡೆಯಬೇಕಿತ್ತು. ಇಂಥ ಕೆಲಸ ಕೊಡುವವರು ಒಪ್ಪಂದದಲ್ಲಿಯೇ ಈ ಷರತ್ತನ್ನು ಬರೆಸುವುದು ಲೇಸು.

ಮೆದು ಕಬ್ಬಿಣದ ಭಾಗದಲ್ಲಿ ಹೇಳುವುದು ಕಡಿಮೆ, ಏಕೆಂದರೆ ಅಲ್ಲಿ ತೊಂದರೆಯೇ ಆಗಲಿಲ್ಲ. ಈ ಕಬ್ಬಿಣವನ್ನು ಈಗ ವಾಣಿಜ್ಯ ಪ್ರಮಾಣದಲ್ಲಿ ಯಾರೂ ತಯಾರಿಸುವುದಿಲ್ಲ. ಬ್ರಿಟನ್ನಿನಲ್ಲಿ ಅದರ ಕೊನೆಯ ಕಾರ್ಖಾನೆ 1970ರ ದಶಕದಲ್ಲಿಯೇ ಮುಚ್ಚಿತು. ಹಳೆಯ ಸರಪಳಿ, ಸೇತುವೆಯ ಪಟ್ಟಿಗಳನ್ನು ಕಾಯಿಸಿ ಮತ್ತೆ ಸರಳುಗಳಾಗಿ ಎಳೆದದ್ದೇ ಇಂದು ಸಿಗುವ ಮೆದು ಕಬ್ಬಿಣ. ಸಂಸ್ಥೆ ಅಂಥದ್ದನ್ನೇ ತರಿಸಿತು, ಮತ್ತು ಸುರುಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಅಡಿಗಲ್ಲಿನ ಮೇಲೆ ಕೈಯಿಂದಲೇ ಬಡಿದು ಮಾಡಿಸಿತು. ಸುರುಳಿಯ ತುದಿ ಕ್ರಮೇಣ ತೆಳುವಾಗುತ್ತ ಹೋಗಿ ಒಳಗೆ ಮಡಚಿಕೊಳ್ಳುವ ಬಗೆ ಯಂತ್ರದಲ್ಲಿ ಬಗ್ಗಿಸಿದ ಪಟ್ಟಿಯಲ್ಲಿ ಬರುವುದಿಲ್ಲ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿದವರಿಗೆ ಅದು ಅರ್ಥವಾಗುತ್ತದೆ.

ಇನ್ನು ಬಣ್ಣ. ಇಲ್ಲಿ ಆರಂಭ ಚೆನ್ನಾಗಿತ್ತು. ಹಳೆಯ ಬಣ್ಣಗಳಲ್ಲಿ ಸೀಸ ಇರುವುದರಿಂದ ಒಣದಾಗಿ ಉಜ್ಜಿದರೆ ವಿಷದ ಧೂಳು ಎದ್ದು, ಆಟವಾಡುವ ಮಕ್ಕಳಿರುವ ಜಾಗಕ್ಕೆಲ್ಲ ಹರಡುತ್ತದೆ. ಅದನ್ನು ಅರಿತು, ಸ್ಥಳದಲ್ಲಿಯೇ ಉಳಿದ ಭಾಗಗಳಿಗೆ ಸುತ್ತ ಪರದೆ ಕಟ್ಟಿ, ಒದ್ದೆ ಮಾಡಿ ಕೆರೆದು, ಉದುರಿದ್ದನ್ನೆಲ್ಲ ಡಬ್ಬಿಗಳಲ್ಲಿ ತುಂಬಿ ಸಾಗಿಸಿದರು. ಕೆರೆಯುವ ಮೊದಲು ಮಳೆ ಬಿಸಿಲು ತಾಗದ ಸಂದುಗಳಿಂದ ಬಣ್ಣದ ಸಣ್ಣ ಚಕ್ಕೆಗಳನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಅದರ ಪದರಗಳನ್ನು ಎಣಿಸಿ ವರದಿ ಕೊಟ್ಟರು. ಮೇಲೆ ಕಪ್ಪು, ಅದರ ಕೆಳಗೆ ಹಲವು ಹಸಿರುಗಳು, ಎಲ್ಲಕ್ಕಿಂತ ಕೆಳಗೆ ಕೆಂಗಂದು. ಹಳೆಯ ಕಬ್ಬಿಣವೆಂದರೆ ಕಪ್ಪು ಬಣ್ಣ ಎಂದೇ ನಾವೆಲ್ಲ ತಿಳಿದಿರುತ್ತೇವೆ. 1779ರಲ್ಲಿ ಇಂಗ್ಲೆಂಡಿನ ಸೆವರ್ನ್ ನದಿಯ ಮೇಲೆ ಎದ್ದು ನಿಂತ, ಜಗತ್ತಿನ ಮೊದಲ ದೊಡ್ಡ ಬೀಡು ಕಬ್ಬಿಣದ ಸೇತುವೆಯನ್ನು 2017-18ರಲ್ಲಿ ದುರಸ್ತಿ ಮಾಡಿದಾಗಲೂ ಬಣ್ಣದ ಪದರಗಳ ಪರೀಕ್ಷೆಯ ಆಧಾರದ ಮೇಲೆ, ಜನ ನೋಡಿ ರೂಢಿಯಾಗಿದ್ದ ಬೂದುಬಣ್ಣವನ್ನು ಬಿಟ್ಟು ಕಡುಗೆಂಪು ಕಂದಿಗೆ ಮರಳಿದರು. ನಮ್ಮ ಸಮಿತಿ ಬಹಳ ಚರ್ಚೆಯ ಬಳಿಕ ಹಸಿರನ್ನು ಆರಿಸಿತು. ಕೆಂಗಂದು ಮೇಲ್ಬಣ್ಣವೋ, ಬರೀ ತುಕ್ಕು ತಡೆಯಲು ಬಳಿದ ಕೆಂಸೀಸದ ಪ್ರೈಮರೋ ಎಂಬುದು ವರದಿಯಲ್ಲಿ ಇತ್ಯರ್ಥವಾಗದೆ ಇದ್ದುದರಿಂದ, ಊಹೆಯ ಮೇಲೆ ಹೋಗುವುದಕ್ಕಿಂತ ಖಚಿತವಾಗಿ ಗೊತ್ತಿದ್ದ ಬಣ್ಣವೇ ವಾಸಿ ಎನಿಸಿತು.

ಆದರೆ ಬಳಿಯುವ ಕೆಲಸವನ್ನು ಅವರು ಉಪಗುತ್ತಿಗೆಗೆ ಕೊಟ್ಟರು, ದೂರುಗಳೆಲ್ಲ ಅಲ್ಲಿಂದಲೇ ಶುರು. ಲೋಹದ ಮೈ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿರಬೇಕು, ಗಾಳಿಯ ಆರ್ದ್ರತೆ ಶೇ 85ನ್ನು ಮೀರಬಾರದು ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಕಣ್ಣಿಗೆ ಕಾಣದ ತೇವದ ಮೇಲೆ ಬಳಿದ ಪ್ರೈಮರ್ ಕಬ್ಬಿಣಕ್ಕೆ ಅಂಟುವುದೇ ಇಲ್ಲ. ಇದನ್ನು ಅಳೆಯುವ ಉಪಕರಣ ಕೆಲಸಗಾರರ ಪೆಟ್ಟಿಗೆಯಲ್ಲಿತ್ತು, ಹೊರಗೆ ಬಂದದ್ದನ್ನು ನಾನು ಕಂಡದ್ದು ಅಪರೂಪ. ಬೆಳಿಗ್ಗೆ ಬೇಗ ಬಳಿದ ಪೂರ್ವ ದಿಕ್ಕಿನ ಕಟಾಂಜನದಲ್ಲಿ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಎದ್ದಿತು. ಜೊತೆಗೆ, ಚೂಪಾದ ಅಂಚುಗಳಲ್ಲಿ ಬಣ್ಣ ನಿಲ್ಲದೆ ಹಿಂದಕ್ಕೆ ಸರಿಯುವುದರಿಂದ ಅಂಚುಗಳಿಗೆ ಮಾತ್ರ ಕುಂಚದಿಂದ ಮೊದಲು ಒಂದು ಸುತ್ತು ಬಳಿಯುವುದು ವಾಡಿಕೆ. ಅದನ್ನು ಒಪ್ಪಂದದಲ್ಲಿ ಬರೆದಿದ್ದರೂ ಹಲವೆಡೆ ಬಿಟ್ಟಿದ್ದರು. ದೂರು ಕೊಟ್ಟಾಗ ಸಂಸ್ಥೆ ವಾದಕ್ಕೆ ನಿಲ್ಲದೆ ಬಂದು, ಗುಳ್ಳೆ ಎದ್ದ ಭಾಗಗಳನ್ನು ತನ್ನ ಖರ್ಚಿನಲ್ಲೇ ಕೆರೆದು ಮತ್ತೆ ಬಳಿಸಿತು ಎಂಬುದನ್ನೂ ಹೇಳಬೇಕು. ಆದರೂ ಲೋಹದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರು ಅದರ ಮೇಲಿನ ಹೊದಿಕೆಯಲ್ಲಿ ಹೀಗೇಕೆ ಸಡಿಲ ಬಿಟ್ಟರೆಂಬುದು ನನಗೆ ಈಗಲೂ ಒಗಟು.

ಹೊಸ ಭಾಗಗಳಿಗೆ ಗ್ಯಾಲ್ವನೈಸಿಂಗ್ (ತುಕ್ಕು ತಡೆಯುವ ಸತುವಿನ ಲೇಪ) ಮಾಡಿಸೋಣವೆಂದು ಅದೇ ಉಪಗುತ್ತಿಗೆದಾರರು ಒಮ್ಮೆ ಸೂಚಿಸಿದ್ದರು. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಬೀಡು ಕಬ್ಬಿಣವನ್ನು ಮುಳುಗಿಸಿದರೆ ಶಾಖದ ಆಘಾತಕ್ಕೆ ಅದು ಬಿರಿಯುವ ಅಪಾಯವಿದೆ, ಸೂಕ್ಷ್ಮ ಕೆತ್ತನೆಯೂ ಮುಚ್ಚಿಹೋಗುತ್ತದೆ. ಸಂಸ್ಥೆಯ ಮುಖ್ಯಸ್ಥರೇ ಅದನ್ನು ತಳ್ಳಿಹಾಕಿದ್ದು ಸರಿಯಾಯಿತು.

ದಾಖಲೆಯ ವಿಷಯಕ್ಕೆ ಬಂದರೆ ಒಳ್ಳೆಯ ಮಾತು ಹೇಳುವುದು ಕಷ್ಟ. ಯಾವ ಭಾಗ ಮೂಲದ್ದು, ಯಾವುದು ಹೊಸದು, ಯಾವ ಬಿರುಕನ್ನು ಎಲ್ಲಿ ಹೊಲಿದಿದೆ, ಯಾವ ಬಣ್ಣ ಎಷ್ಟು ಪದರ ಎಂಬ ವಿವರಗಳನ್ನು ಕೆಲಸ ಮುಗಿದ ಕೂಡಲೇ ಒಪ್ಪಿಸಬೇಕೆಂದು ಒಪ್ಪಂದವಿತ್ತು. ಬಂದದ್ದು ಬಹಳ ತಡವಾಗಿ, ಅದೂ ಕೇಳಿ ಕೇಳಿ ಸಾಕಾದ ಮೇಲೆ. ಫೋಟೋಗಳು ಹೇರಳವಾಗಿದ್ದರೂ ಬಿಲ್ಲೆಯ ಅಂಕಿಗಳಿಗೂ ಅವಕ್ಕೂ ತಾಳೆಯೇ ಇರಲಿಲ್ಲ. ನಿರ್ವಹಣೆಯ ಕೈಪಿಡಿಯೆಂದು ಕೊಟ್ಟ ಪುಸ್ತಿಕೆ ಬಣ್ಣದ ಕಂಪನಿಯ ಪ್ರಚಾರಪತ್ರದ ಪುಟಗಳನ್ನೇ ಹೊಲಿದಂತಿತ್ತು. ಬ್ಯಾಂಡ್ ಸ್ಟ್ಯಾಂಡ್‌ನ ಕೊಳವೆಗಳನ್ನು ಯಾವಾಗ ಶುಚಿ ಮಾಡಬೇಕೆಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಇದನ್ನು ಸಣ್ಣ ವಿಷಯವೆಂದು ತಳ್ಳುವಂತಿಲ್ಲ. 1889ರಲ್ಲಿ ಪೂರ್ಣಗೊಂಡ, ಮೆದು ಕಬ್ಬಿಣದ ಐಫೆಲ್ ಗೋಪುರಕ್ಕೆ ಸುಮಾರು 7 ವರ್ಷಕ್ಕೊಮ್ಮೆ, ಪ್ರತಿ ಸಲ 60 ಟನ್ನಿನಷ್ಟು ಬಣ್ಣ ಬಳಿಯುತ್ತಲೇ ಬಂದಿರುವುದರಿಂದ ಅದು ಇಂದಿಗೂ ನಿಂತಿದೆ. ಯಾವ ಜೀರ್ಣೋದ್ಧಾರವೂ ಮುಂದಿನ ನಿರ್ವಹಣೆಯ ಬದಲಿಗೆ ನಿಲ್ಲುವುದಿಲ್ಲ. ಕೊನೆಗೆ ಕೊಳವೆ, ತೂಬು, ಗುಳಿಗಳ ವಾರ್ಷಿಕ ತಪಾಸಣೆಯ ಪಟ್ಟಿಯನ್ನು ಅವರ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವೇ ಬರೆದುಕೊಂಡೆವು.

ಹೇಳಿದ ಗಡುವಿನಲ್ಲಿ ಕೆಲಸ ಮುಗಿಯಲಿಲ್ಲ. ಬಿಚ್ಚಿ ನೋಡುವವರೆಗೆ ಒಳಗಿನ ಸ್ಥಿತಿ ಗೊತ್ತಾಗದ ಕೆಲಸದಲ್ಲಿ ಇದನ್ನು ನಾನು ದೊಡ್ಡ ದೋಷವೆನ್ನುವುದಿಲ್ಲ. ಪ್ರತಿ ವಿಳಂಬದ ಕಾರಣವನ್ನು ಅವರು ಮುಂಚಿತವಾಗಿ ಲಿಖಿತವಾಗಿ ತಿಳಿಸಿದರು, ಹೆಚ್ಚುವರಿ ಕೆಲಸಕ್ಕೆ ಒಪ್ಪಿಗೆ ಪಡೆಯದೆ ಕೈಹಾಕಲಿಲ್ಲ.

ಉದ್ಯಾನದ ಕಾರಂಜಿಯ ಬೀಡು ಕಬ್ಬಿಣದ ಬಟ್ಟಲುಗಳ ದುರಸ್ತಿ ಎರಡನೆಯ ಹಂತದಲ್ಲಿ ಬರಲಿದೆ. ಲೋಹದ ಕೆಲಸವನ್ನು ಇದೇ ಸಂಸ್ಥೆಗೆ ಕೊಡಬೇಕೆಂದು ಸಮಿತಿಗೆ ಶಿಫಾರಸು ಮಾಡಿದ್ದೇನೆ. ಬಣ್ಣಕ್ಕೆ ಮಾತ್ರ ಸ್ವತಂತ್ರ ಪರೀಕ್ಷಕರೊಬ್ಬರು ದಿನದಿನದ ಆರ್ದ್ರತೆ ಮತ್ತು ಪದರದ ದಪ್ಪವನ್ನು ಬರೆದಿಡಬೇಕು, ಮತ್ತು ದಾಖಲೆಗಳು ಪೂರ್ತಿಯಾಗಿ ಕೈಸೇರುವವರೆಗೆ ಕೊನೆಯ ಕಂತಿನ ಹಣವನ್ನು ಬಿಡುಗಡೆ ಮಾಡಬಾರದು ಎಂಬ ಎರಡು ಷರತ್ತುಗಳನ್ನು ಹೊಸ ಒಪ್ಪಂದದಲ್ಲಿ ಸೇರಿಸಿದ್ದೇವೆ. ಸಂಸ್ಥೆ ಎರಡನ್ನೂ ಒಪ್ಪಿಕೊಂಡಿದೆ.